ಸುಲೇಪೇಟದಿಂದ ಬಾಲ ನ್ಯಾಯ ಮಂಡಳಿಗೆ ಎಷ್ಟು ದೂರ?

ಮಕ್ಕಳ ಅಪರಾಧದ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ವಯಸ್ಸಿನ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ಹದಿನಾರೋ, ಹದಿನೆಂಟೋ? 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಆಗ ಎದ್ದ ಸಿಟ್ಟು ಮೂರು ವರ್ಷವಾದರೂ ಆರಲಿಲ್ಲ. 2015ರ ಡಿಸೆಂಬರ್ 22ರಂದು ರಾಜ್ಯಸಭೆ ಹೊಸ ಬಾಲ ನ್ಯಾಯ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 2016ರ ಜನವರಿ 15ರಿಂದ ಅದು ಜಾರಿಗೆ ಬಂತು. ಹದಿನಾರು ದಾಟಿದ ಬಾಲಕ ಘೋರ ಅಪರಾಧದ ಆರೋಪ ಹೊತ್ತಿದ್ದರೆ ಅವನನ್ನು ವಯಸ್ಕನಂತೆ ವಿಚಾರಿಸಬೇಕೇ ಎಂದು ತೂಗಿನೋಡುವ ಅವಕಾಶ ಅದರ 15ನೇ ಕಲಮಿನಲ್ಲಿ ಸೇರಿಕೊಂಡಿತು. ಇಂದಿಗೂ ಪತ್ರಿಕೆಗಳಲ್ಲಿ, ಟಿವಿ ಚರ್ಚೆಗಳಲ್ಲಿ ಬಾಲ ನ್ಯಾಯ ಎಂದರೆ ಆ ಒಂದೇ ಕಲಂ. ಆದರೆ ಘೋರ ಅಪರಾಧವೆಂದರೆ ಕನಿಷ್ಠ ಏಳು ವರ್ಷದ ಸೆರೆವಾಸ ವಿಧಿಸಬೇಕಾದ ಅಪರಾಧ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ದೇಶದಾದ್ಯಂತ ಮಕ್ಕಳ ಮೇಲೆ ದಾಖಲಾದ ಪ್ರಕರಣಗಳು 30,555 ಎಂದು ಲೆಕ್ಕ ಕೊಟ್ಟಿದೆ. ಅದೇ ವರ್ಷ ದೇಶದಲ್ಲಿ ದಾಖಲಾದ ಒಟ್ಟು ಅಪರಾಧಗಳು 58 ಲಕ್ಷಕ್ಕೂ ಹೆಚ್ಚು. ಅಂದರೆ ಮಕ್ಕಳ ಪಾಲು ನೂರಕ್ಕೆ ಅರ್ಧದಷ್ಟು. ಅದರಲ್ಲೂ ಕಳವು, ಹೊಡೆದಾಟಗಳದೇ ದೊಡ್ಡ ಭಾಗ. ಈ ಸಾಮಾನ್ಯ ಪ್ರಕರಣಗಳ ಮಕ್ಕಳಿಗೆ ಕಾಯ್ದೆ ಏನು ಹೇಳಿದೆ, ಹೇಳಿದ್ದು ಅವರ ಊರಿನ ತನಕ ತಲುಪುತ್ತಿದೆಯೇ ಎಂದು ಕೇಳುವವರು ಕಡಿಮೆ. ಕಲಬುರಗಿ ಜಿಲ್ಲೆಯ ಪೂರ್ವ ಅಂಚಿನಲ್ಲಿರುವ ಚಿಂಚೋಳಿ, ಸೇಡಂ, ಚಿತ್ತಾಪುರದ ಕಡೆಯಿಂದ ನೋಡಿದರೆ ಬಾಲ ನ್ಯಾಯದ ಸುಧಾರಣೆ ಎಂದರೆ ವಯಸ್ಸನ್ನು ಇಳಿಸುವುದೂ ಅಲ್ಲ, ಏರಿಸುವುದೂ ಅಲ್ಲ. ಈ ಪ್ರಕರಣಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಯನ್ನು ಮಗುವಿನ ಹತ್ತಿರಕ್ಕೆ ತರುವುದು. ಅದನ್ನು ಮಾಡಬೇಕಾದದ್ದು ಸಂಸತ್ತಲ್ಲ, ರಾಜ್ಯ.

ಇದು ಕೇಂದ್ರದ ಕಾಯ್ದೆ, ರಾಜ್ಯಕ್ಕೇನು ಕೆಲಸ ಎನ್ನುವವರು ಹಿಂದಿನದನ್ನು ಒಮ್ಮೆ ನೋಡಬೇಕು. ಮಕ್ಕಳಿಗಾಗಿ ಬೇರೆ ಕಾನೂನು ಮಾಡುವ ಕೆಲಸವನ್ನು ಈ ದೇಶದಲ್ಲಿ ಆರಂಭಿಸಿದ್ದು ಪ್ರಾಂತ್ಯಗಳು. ಮದ್ರಾಸಿನಲ್ಲಿ 1920ರಲ್ಲಿ, ಬಂಗಾಳದಲ್ಲಿ 1922ರಲ್ಲಿ, ಮುಂಬೈಯಲ್ಲಿ 1924ರಲ್ಲಿ ಮಕ್ಕಳ ಕಾಯ್ದೆಗಳು ಬಂದವು. ನಮ್ಮ ಈ ಭಾಗ ಆಗ ನಿಜಾಮನ ಆಳ್ವಿಕೆಯಲ್ಲಿತ್ತು. ಹೈದರಾಬಾದ್ ಭಾರತದ ಒಕ್ಕೂಟ ಸೇರಿದ ಮೇಲೆ 1951ರಲ್ಲಿ ಅಲ್ಲಿ ಮಕ್ಕಳ ಕಾಯ್ದೆ ಆಯಿತು. 1956ರಲ್ಲಿ ಗುಲಬರ್ಗಾ (ಇಂದಿನ ಕಲಬುರಗಿ) ಜಿಲ್ಲೆ ಏಕೀಕೃತ ರಾಜ್ಯಕ್ಕೆ ಬಂದು, 1964ರಲ್ಲಿ ರಾಜ್ಯ ತನ್ನದೇ ಮಕ್ಕಳ ಕಾಯ್ದೆಯನ್ನು ರೂಪಿಸಿತು. ರಾಜ್ಯಕ್ಕೊಂದು ಕಾನೂನು, ಕೆಲವು ಕಡೆ ಕಾನೂನಿದ್ದೂ ಜಾರಿ ಇಲ್ಲ ಎಂಬ ಸ್ಥಿತಿಯಲ್ಲಿ ಮಕ್ಕಳು ದೊಡ್ಡವರ ಜೈಲುಗಳಲ್ಲೇ ಉಳಿದಿದ್ದರು. ಪತ್ರಕರ್ತೆ ಶೀಲಾ ಬರ್ಸೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ಅದಕ್ಕಾಗಿಯೇ. ದೇಶಕ್ಕೆಲ್ಲ ಒಂದೇ ಕಾಯ್ದೆ ಬೇಕೆಂದು ಆ ಪ್ರಕರಣದಲ್ಲಿ ಕೋರ್ಟು ಹೇಳಿತು. 1986ರಲ್ಲಿ ಸಂಸತ್ತು ಮೊದಲ ಬಾಲ ನ್ಯಾಯ ಕಾಯ್ದೆಯನ್ನು ಮಾಡಿತು. ಅದರಲ್ಲಿ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ಎಂಬ ಗೆರೆ ಇತ್ತು. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡ ನಂತರ, 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಎಂದಿತು. ಏಕರೂಪ ಬಂದದ್ದು ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೆ, ಇನ್ನು ಈ ವಿಷಯದಲ್ಲಿ ನಮಗೇನೂ ಕೆಲಸವಿಲ್ಲ ಎಂಬ ಭಾವನೆಯೂ ರಾಜ್ಯಗಳಲ್ಲಿ ಬೇರೂರಿತು. ಅದು ತಪ್ಪು. 2015ರ ಕಾಯ್ದೆಯ 110ನೇ ಕಲಂ ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಕೇಂದ್ರದ ಮಾದರಿ ನಿಯಮಗಳಿಗೆ ಬಲ ಇರುವುದು ರಾಜ್ಯ ತನ್ನ ನಿಯಮ ಮಾಡುವ ತನಕ ಮಾತ್ರ. ಒಂದು ಜಿಲ್ಲೆಗೆ ಒಂದು ಅಥವಾ ಅದಕ್ಕಿಂತ ಹೆಚ್ಚು ಮಂಡಳಿಗಳನ್ನು ರಚಿಸಬಹುದು ಎನ್ನುತ್ತದೆ 4ನೇ ಕಲಂ, ರಚಿಸಬೇಕಾದದ್ದು ರಾಜ್ಯವೇ. ಮನಸ್ಸು ಮಾಡಿದರೆ ಕೇಂದ್ರದ ಕಾಯ್ದೆಗೇ ರಾಜ್ಯದ ಮಟ್ಟಿಗೆ ತಿದ್ದುಪಡಿ ತರಬಹುದು ಎಂಬುದನ್ನು ಕರ್ನಾಟಕ ಬಾಲ್ಯವಿವಾಹದ ವಿಷಯದಲ್ಲಿ ತೋರಿಸಿಕೊಟ್ಟಿದೆ. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದ 2016ರ ತಿದ್ದುಪಡಿ ನಮ್ಮ ವಿಧಾನಮಂಡಲದ್ದು.

ಈಗ ಠಾಣೆಯ ಹಂತಕ್ಕೆ ಬರೋಣ. ಹದಿನೆಂಟರ ಒಳಗಿನವರ ಮೇಲೆ ದೂರು ಬಂದರೆ ಪೊಲೀಸರು ಏನು ಮಾಡಬೇಕು ಎಂಬುದು ಬಹಳ ಓದುಗರಿಗೆ ಆಶ್ಚರ್ಯ ತರಬಹುದು. 2016ರ ಮಾದರಿ ನಿಯಮಗಳ 8ನೇ ನಿಯಮದ ಪ್ರಕಾರ ಘೋರ ಅಪರಾಧವಾಗಿದ್ದರೆ ಅಥವಾ ವಯಸ್ಕರ ಜೊತೆ ಸೇರಿ ಮಾಡಿದ ಕೃತ್ಯವಾಗಿದ್ದರೆ ಮಾತ್ರ ಎಫ್ಐಆರ್. ಉಳಿದದ್ದೆಲ್ಲ ಠಾಣೆಯ ದಿನಚರಿಯಲ್ಲಿ ಬರೆದುಕೊಳ್ಳುವ ವಿಷಯ. ಅದರೊಂದಿಗೆ ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ತಯಾರಿಸಿ ಮಂಡಳಿಗೆ ಕಳಿಸಬೇಕು. ಮಗುವಿನ ಹಿತಕ್ಕೆ ಅಗತ್ಯವಿಲ್ಲದಿದ್ದರೆ ಹಿಡಿದು ತರುವಂತೆಯೂ ಇಲ್ಲ. ಯಾವ ತಾರೀಖಿಗೆ ಮಂಡಳಿಯ ಮುಂದೆ ಬರಬೇಕೆಂದು ಅಪ್ಪ ಅಮ್ಮನಿಗೆ ತಿಳಿಸಿದರೆ ಸಾಕು. ಹಿಡಿದು ತಂದರೂ ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೋಳ ಹಾಕುವಂತಿಲ್ಲ, ಪ್ರಯಾಣದ ಸಮಯ ಬಿಟ್ಟು ಇಪ್ಪತ್ನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು. ಜಾಮೀನು ಕೊಡುವುದೇ ಸಾಮಾನ್ಯ, ನಿರಾಕರಿಸುವುದು ಅಪವಾದ ಎನ್ನುತ್ತದೆ 12ನೇ ಕಲಂ. ಪ್ರತಿ ಠಾಣೆಯಲ್ಲೂ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು 107ನೇ ಕಲಂ ಹೇಳುತ್ತದೆ. ಕಾಯ್ದೆಯ ಈ ಭಾಗವನ್ನು ಓದಿದವರಿಗೆ ಇದು ಮಕ್ಕಳನ್ನು ಅರಿತವರು ಬರೆದದ್ದು ಎನ್ನಿಸದೆ ಇರದು.

ಚಿಂಚೋಳಿ ಕಡೆಯ ಸುಲೇಪೇಟ ಠಾಣೆಯ ಹದ್ದಿನ ಒಂದು ತಾಂಡಾದ ಹದಿನಾರರ ಹುಡುಗ ಹೊಲದ ಬಾವಿಯ ಪಂಪ್‌ಸೆಟ್ಟಿನ ಕೇಬಲ್ ಕದ್ದ ಎಂಬ ದೂರು ಬಂತು ಎಂದಿಟ್ಟುಕೊಳ್ಳಿ. ಇದು ಕಲ್ಪಿತ ಉದಾಹರಣೆ. ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆ ಇಲ್ಲದ ಕಳವು ಕಾಯ್ದೆಯ ಲೆಕ್ಕದಲ್ಲಿ ಸಣ್ಣ ಅಪರಾಧ. ಠಾಣೆಯ ಅಧಿಕಾರಿ ತುಂಬಬೇಕಾದ್ದು ಸಾಮಾಜಿಕ ಹಿನ್ನೆಲೆಯ ವರದಿ, ನಿಯಮಗಳ ನಮೂನೆ 1. ಅದರ ಕಾಲಂಗಳು ಕಳವಿಗಿಂತ ಹೆಚ್ಚಾಗಿ ಮಗುವಿನ ಬದುಕನ್ನೇ ಕೇಳುತ್ತವೆ: ಮನೆಯಲ್ಲಿ ಯಾರು ಯಾರಿದ್ದಾರೆ, ದುಡಿಮೆ ಏನು, ಹುಡುಗ ಶಾಲೆ ಬಿಟ್ಟಿದ್ದರೆ ಯಾಕೆ, ಕೆಲಸಕ್ಕೆ ಹೋಗುತ್ತಿದ್ದನೇ, ದುಶ್ಚಟಗಳಿವೆಯೇ, ಅವನೇ ಯಾವುದಾದರೂ ಅಪರಾಧಕ್ಕೆ ಬಲಿಯಾಗಿದ್ದನೇ, ಅವನನ್ನು ದೊಡ್ಡವರು ಯಾರಾದರೂ ಬಳಸಿಕೊಂಡರೇ. ಈ ಪ್ರಶ್ನೆಗಳಿಗೆ ನಮ್ಮ ಸೀಮೆಯಲ್ಲಿ ಸಿಗುವ ಉತ್ತರಗಳು ಎಲ್ಲರಿಗೂ ಗೊತ್ತಿರುವಂಥವು. ತೊಗರಿ ರಾಶಿ ಮುಗಿದ ಮೇಲೆ ಅಪ್ಪ ಅಮ್ಮ ಪುಣೆಗೋ ಮುಂಬೈಗೋ ಹೈದರಾಬಾದಿಗೋ ಗುಳೆ ಹೋಗುತ್ತಾರೆ, ಮಗ ಅಜ್ಜಿಯ ಜೊತೆ ಉಳಿಯುತ್ತಾನೆ, ಶಾಲೆ ತಪ್ಪುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಕಲ್ಲುಗಣಿಗಳಲ್ಲಿ ಕೂಲಿ ಹುಡುಕುವ ವಯಸ್ಸೂ ಅದೇ. ಹದಿನೆಂಟು ತುಂಬದವರು ಗಣಿಯಲ್ಲಿ ದುಡಿಯುವುದನ್ನು ಕಾನೂನು ನಿಷೇಧಿಸಿದೆ. ಅಂಥ ಹುಡುಗ ಕಾರ್ಮಿಕ ಇಲಾಖೆಯ ಕಣ್ಣಿಗೆ ಬಿದ್ದರೆ ಅವನು ಪೋಷಣೆ, ರಕ್ಷಣೆ ಬೇಕಾದ ಮಗು, ಮಕ್ಕಳ ಕಲ್ಯಾಣ ಸಮಿತಿಗೆ ಸೇರಿದವನು. ಅದೇ ಹುಡುಗ ಕೇಬಲ್ಲಿನ ಜೊತೆ ಸಿಕ್ಕರೆ ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು, ಬಾಲ ನ್ಯಾಯ ಮಂಡಳಿಗೆ ಸೇರಿದವನು. ಯಾವ ಹಂತದಲ್ಲಾದರೂ ಮಂಡಳಿ ಅವನನ್ನು ಸಮಿತಿಗೆ ಒಪ್ಪಿಸಬಹುದು, ಒಬ್ಬನೇ ಹುಡುಗ ಎರಡೂ ಆಗಿರಬಹುದು ಎಂದು 8ನೇ ಕಲಂ ಒಪ್ಪಿಕೊಂಡಿದೆ. ಆದರೆ ಇದನ್ನೆಲ್ಲ ಕಂಡುಕೊಳ್ಳಲು ಆ ನಮೂನೆಯನ್ನು ಮನೆಯವರೆಗೆ ಹೋಗಿ ಯಾರಾದರೂ ನಿಜವಾಗಿ ತುಂಬಿರಬೇಕು. ಬಂದೋಬಸ್ತು, ಸಮನ್ಸು, ಅಪಘಾತಗಳ ನಡುವೆ ಠಾಣೆಯ ಒಬ್ಬ ಅಧಿಕಾರಿ ಅದನ್ನು ಹೇಗೆ ತುಂಬಿಯಾರು?

ಮುಂದಿನದು ತಾರೀಖುಗಳ ಕಥೆ. ಮಂಡಳಿ ಕೂರುವುದು ಜಿಲ್ಲಾ ಕೇಂದ್ರದಲ್ಲಿ. ಸುಲೇಪೇಟಕ್ಕಾಗಲಿ ಚಿಂಚೋಳಿಗಾಗಲಿ ರೈಲಿಲ್ಲ, ಬಸ್ಸೇ ಗತಿ. ಶಕ್ತಿ ಯೋಜನೆಯಿಂದ ತಾಯಿಗೆ ಟಿಕೆಟ್ ಬೇಡ, ನಿಜ. ಆದರೆ ಹುಡುಗನಿಗೆ, ತಂದೆಗೆ ಬೇಕು; ಇಬ್ಬರದೋ ಮೂವರದೋ ಆ ದಿನದ ಕೂಲಿ ಹೋಗುತ್ತದೆ. ಅಪ್ಪ ಪುಣೆಯಲ್ಲಿದ್ದರೆ ಬರುವುದು ಅಜ್ಜಿ. ಮಾಡಿದ್ದು ಸಣ್ಣ ತಪ್ಪು, ಆದರೆ ಹೋಗಿ ಬರುವುದು ಇಡೀ ದಿನದ ಕೆಲಸ. ಒಂದು ತಾರೀಖಿಗೆ ಸದಸ್ಯರಿಲ್ಲ, ಮತ್ತೊಂದಕ್ಕೆ ವರದಿ ಬಂದಿಲ್ಲ, ಮಗದೊಂದಕ್ಕೆ ದೂರುದಾರ ಬಂದಿಲ್ಲ ಎಂದಾದರೆ ಮನೆಯವರೂ ಹೋಗುವುದನ್ನು ನಿಲ್ಲಿಸುತ್ತಾರೆ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು ಮುಂದೂಡಬಹುದು. ಆಗಲೂ ಮುಗಿಯದಿದ್ದರೆ ಸಣ್ಣ ಅಪರಾಧದ ಪ್ರಕರಣ ತಾನಾಗಿ ಮುಕ್ತಾಯವಾಗುತ್ತದೆ ಎನ್ನುತ್ತದೆ 14ನೇ ಕಲಂ. ಮಗುವನ್ನು ವರ್ಷಗಟ್ಟಲೆ ಅಲೆಸಬಾರದೆಂದು ಮಾಡಿದ ಏರ್ಪಾಡು ಇದು. ಆದರೆ ಕೇಬಲ್ ಕಳೆದುಕೊಂಡ ರೈತನ ದೃಷ್ಟಿಯಿಂದ ನೋಡಿ: ಅವನ ಮಾತನ್ನು ಯಾರೂ ಕೇಳಲಿಲ್ಲ, ಅವನಿಗೆ ಆದ ನಷ್ಟವನ್ನು ಯಾರೂ ಹುಡುಗನ ಮುಂದೆ ಹೇಳಲಿಲ್ಲ. ಹುಡುಗನ ದೃಷ್ಟಿಯಿಂದ ನೋಡಿ: ಅವನು ಮಾಡಿಲ್ಲದಿದ್ದರೆ ಕಳ್ಳ ಎಂಬ ಹೆಸರು ಹೋಗಲಿಲ್ಲ, ಮಾಡಿದ್ದರೆ ಆಪ್ತಸಮಾಲೋಚನೆಯಾಗಲಿ ಸಮುದಾಯ ಸೇವೆಯಾಗಲಿ ಪರಿವೀಕ್ಷಣೆಯಾಗಲಿ ಅವನಿಗೆ ದಕ್ಕಲಿಲ್ಲ. 18ನೇ ಕಲಂ ಪಟ್ಟಿ ಮಾಡಿರುವ ಅಷ್ಟೂ ಉಪಾಯಗಳು ಕಾಗದದಲ್ಲೇ ಉಳಿದವು. ದೂರ ಎಂಬುದು ಇಲ್ಲಿ ಅನನುಕೂಲವಷ್ಟೇ ಅಲ್ಲ, ಅದೇ ತೀರ್ಪು.

ಹಾಗಾದರೆ ಮಾಡಬೇಕಾದದ್ದೇನು? ಸೇಡಂನಲ್ಲಿ ಎರಡನೇ ಮಂಡಳಿ. ಸೇಡಂ ಉಪವಿಭಾಗದ ಕೇಂದ್ರ. ಸಹಾಯಕ ಆಯುಕ್ತರ ಕಚೇರಿ ಅಲ್ಲಿದೆ. ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ಹೋಗುವ ರೈಲು ಮಾರ್ಗ ಚಿತ್ತಾಪುರ, ಸೇಡಂ ದಾಟಿಯೇ ಹೋಗುವುದರಿಂದ ಆ ಊರುಗಳವರಿಗೂ ಸುಲಭ, ಸುಲೇಪೇಟ ಚಿಂಚೋಳಿಯವರಿಗೂ ಕಲಬುರಗಿಗಿಂತ ಹತ್ತಿರ. ಮಂಡಳಿಗೆ ಬೇಕಾದವರು ಮೂವರು: ಕನಿಷ್ಠ ಮೂರು ವರ್ಷದ ಅನುಭವವಿರುವ ಒಬ್ಬ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ದಂಡಾಧಿಕಾರಿಗಳು ಈ ತಾಲ್ಲೂಕುಗಳಲ್ಲಿ ಈಗಾಗಲೇ ಇದ್ದಾರೆ. ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಮಂಡಳಿಯ ಕಲಾಪ, ವಿಚಾರಣೆಯ ವೇಳೆ ಮಕ್ಕಳನ್ನು ಇರಿಸುವ ವೀಕ್ಷಣಾಲಯದಲ್ಲಿ ಅಥವಾ ಅದರ ಸಮೀಪ, ಇಲ್ಲವೇ ಇಂಥ ಮಕ್ಕಳ ಸಂಸ್ಥೆಯ ಆವರಣದಲ್ಲಿ ನಡೆಯಬೇಕು ಎನ್ನುತ್ತವೆ ಮಾದರಿ ನಿಯಮಗಳು. ಕೋರ್ಟು, ಜೈಲುಗಳ ಆವರಣದಲ್ಲಿ ಮಾತ್ರ ಕೂಡದು. ಮಗು ನ್ಯಾಯಾಲಯದ ಮೆಟ್ಟಿಲು ಹತ್ತಬಾರದು ಎಂಬ ಆಶಯ ಸರಿಯಾದದ್ದೇ. ಆದರೆ ವೀಕ್ಷಣಾಲಯ ಇರುವಲ್ಲೇ ಮಂಡಳಿ ಎಂಬ ಕಟ್ಟು ತಾಲ್ಲೂಕುಗಳನ್ನು ಹೊರಗಿಟ್ಟಿತು. ರಾಜ್ಯದ ನಿಯಮದಲ್ಲಿ ಎರಡು ವಾಕ್ಯ ಸಾಕು: ಕೋರ್ಟು, ಠಾಣೆ, ಜೈಲು ಬಿಟ್ಟು ಮಕ್ಕಳಿಗೆ ಒಗ್ಗುವ ಯಾವುದೇ ಸರ್ಕಾರಿ ಕಟ್ಟಡದಲ್ಲಿ ಮಂಡಳಿ ಕೂರಬಹುದು, ಸಣ್ಣ ಮತ್ತು (ಘೋರವಲ್ಲದ) ಗಂಭೀರ ಅಪರಾಧಗಳ ವಿಚಾರಣೆ ಮಗುವಿನ ಮನೆಗೆ ಹತ್ತಿರದ ಮಂಡಳಿಯಲ್ಲೇ ನಡೆಯಬೇಕು. ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿ, ರಜಾದಿನದ ಶಾಲೆ, ಯಾವುದಾದರೂ ಆದೀತು. ಮಂಡಳಿ ಕೂರದ ದಿನ ಒಬ್ಬ ಸದಸ್ಯರ ಮುಂದೆಯೇ ಮಗುವನ್ನು ಹಾಜರುಪಡಿಸಬಹುದೆಂದು 7ನೇ ಕಲಂ ಹೇಳಿರುವುದರಿಂದ, ಸದಸ್ಯರೊಬ್ಬರು ಚಿಂಚೋಳಿಯವರೋ ಚಿತ್ತಾಪುರದವರೋ ಆದರೆ ರಾತ್ರೋರಾತ್ರಿ ಕಲಬುರಗಿಗೆ ಜೀಪು ಓಡಿಸುವ ಅಗತ್ಯವೂ ಬೀಳದು.

ಇದಕ್ಕೆ ಮೊದಲ ಆಕ್ಷೇಪ ಲೆಕ್ಕದ್ದು. ಕರ್ನಾಟಕದ ಸ್ಥಿತಿ ಉಳಿದ ರಾಜ್ಯಗಳಿಗಿಂತ ಚೆನ್ನಾಗಿಯೇ ಇದೆಯಲ್ಲ, ಇದ್ದದ್ದನ್ನು ಯಾಕೆ ಕೆದಕಬೇಕು? ಇಂಡಿಯಾ ಜಸ್ಟೀಸ್ ರಿಪೋರ್ಟ್ 2025ರಲ್ಲಿ ಹೊರತಂದ ಅಧ್ಯಯನ ಈ ಮಾತಿಗೆ ಬಲ ಕೊಡುತ್ತದೆ. 2023ರ ಅಕ್ಟೋಬರ್ ಅಂತ್ಯಕ್ಕೆ 362 ಮಂಡಳಿಗಳ ಮುಂದಿದ್ದ ಲಕ್ಷದಷ್ಟು ಪ್ರಕರಣಗಳಲ್ಲಿ ಶೇ 55 ಬಾಕಿ ಇದ್ದವು; ಒಡಿಶಾದಲ್ಲಿ ಬಾಕಿ ಶೇ 83, ಕರ್ನಾಟಕದಲ್ಲಿ ಶೇ 35. ಇದು ಹೆಮ್ಮೆಯ ವಿಷಯ, ಒಪ್ಪೋಣ. ಆದರೆ ವಿಲೇವಾರಿ ಎಂಬ ಪದದ ಅಡಿಯಲ್ಲಿ ಮಗುವಿಗೆ ದಾರಿ ತೋರಿಸಿದ ಆದೇಶವೂ ಸೇರುತ್ತದೆ, ಅವಧಿ ಮುಗಿದು ಮುಚ್ಚಿಹೋದ ಕಡತವೂ ಸೇರುತ್ತದೆ. ಮೇಲಾಗಿ ರಾಜ್ಯದ ಸರಾಸರಿಯಲ್ಲಿ ತಾಲ್ಲೂಕುಗಳು ಕಾಣುವುದಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಜಿಲ್ಲೆಗಳ ಬದಲು ತಾಲ್ಲೂಕುಗಳನ್ನೇ ಅಳೆದು, ಚಿಂಚೋಳಿ, ಸೇಡಂ, ಚಿತ್ತಾಪುರಗಳನ್ನು ಅತಿ ಹಿಂದುಳಿದವುಗಳ ಸಾಲಿಗೆ ಸೇರಿಸಿದ್ದು ಈ ಕಾರಣಕ್ಕೇ. ಆಸ್ಪತ್ರೆ, ಶಾಲೆ, ರಸ್ತೆಗಳನ್ನು ತಾಲ್ಲೂಕುವಾರು ಅಳೆಯುವ ನಾವು ಮಕ್ಕಳ ನ್ಯಾಯವನ್ನು ಮಾತ್ರ ಜಿಲ್ಲಾವಾರು ಅಳೆದು ಸುಮ್ಮನಾಗುತ್ತೇವೆ. ಪ್ರಕರಣಗಳೇ ಕಡಿಮೆ, ಮಂಡಳಿ ಖಾಲಿ ಕೂರುತ್ತದೆ ಎಂಬ ಮಾತೂ ಇದೆ. ಕಡಿಮೆ ಇದ್ದರೆ ಹದಿನೈದು ದಿನಕ್ಕೊಮ್ಮೆ ಕೂರಲಿ. ಹೈಕೋರ್ಟಿನ ಪೀಠವೇ 2008ರಲ್ಲಿ ಸಂಚಾರಿ ಪೀಠವಾಗಿ ಕಲಬುರಗಿಗೆ ಬಂದು, 2013ರಲ್ಲಿ ಕಾಯಂ ಆಯಿತು. ಬೆಂಗಳೂರು ದೂರ ಎಂದು ಈ ಭಾಗದ ವಕೀಲರು, ಕಕ್ಷಿದಾರರು ಹೋರಾಡಿದಾಗ ನಾವೆಲ್ಲ ಅದನ್ನು ನ್ಯಾಯವೆಂದೆವು. ಸುಲೇಪೇಟದ ಮಗುವಿಗೆ ಕಲಬುರಗಿ ದೂರ ಎನ್ನುವುದೂ ಅಷ್ಟೇ ನ್ಯಾಯ. ಖರ್ಚಿನ ಮಾತಿಗೆ ಬಂದರೆ, ಸಂವಿಧಾನದ 371ಜೆ ವಿಧಿಯ ಫಲವಾಗಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಒಂದು ಕೋಣೆ, ನಾಲ್ಕು ಕುರ್ಚಿ, ಮಗುವಿನ ಮನೆಗೆ ಹೋಗಿ ವಿಚಾರಿಸುವ ಒಬ್ಬ ಪರಿವೀಕ್ಷಣಾಧಿಕಾರಿಯ ಓಡಾಟದ ವೆಚ್ಚ ಭಾರವಾಗಲಾರದು.

ಎರಡನೆಯ ಆಕ್ಷೇಪ ನಿಜಕ್ಕೂ ತೂಕದ್ದು. ಮಗುವಿನ ಗುರುತು ಹೊರಬೀಳಬಾರದು ಎಂದು 74ನೇ ಕಲಂ ಕಟ್ಟುನಿಟ್ಟಾಗಿ ಹೇಳಿದೆ. ಕಲಬುರಗಿಯಂಥ ನಗರದಲ್ಲಿ ಯಾರು ಯಾರೋ, ಯಾವ ಬಾಗಿಲಿಗೆ ಹೋದರೋ ತಿಳಿಯದು. ಸೇಡಂನಲ್ಲಿ ಪರಿಚಯದವರು ಸಿಕ್ಕೇ ಸಿಗುತ್ತಾರೆ. ಮಂಡಳಿ ಹತ್ತಿರ ಬಂದಷ್ಟೂ ಮಗುವಿನ ಮಾನ ಬಯಲಾಗುವುದಿಲ್ಲವೇ? ಇದಕ್ಕೆ ಪೂರ್ಣ ಪರಿಹಾರ ಇದೆ ಎಂದು ಹೇಳಲಾರೆ. ಆದರೆ ಹಳ್ಳಿಯಲ್ಲಿ ಗುಟ್ಟು ರಟ್ಟಾಗುವುದು ಮಂಡಳಿಯ ಬಾಗಿಲಲ್ಲಲ್ಲ. ಮನೆಯ ಮುಂದೆ ಪೊಲೀಸ್ ಜೀಪು ನಿಂತಾಗ, ಠಾಣೆಗೆ ಕರೆಸಿ ಹೊರಗೆ ಕೂರಿಸಿದಾಗ. 8ನೇ ನಿಯಮ ಪಾಲನೆಯಾಗಿ, ಸಾದಾ ಉಡುಪಿನ ಅಧಿಕಾರಿ ಮನೆಗೆ ಹೋಗಿ ವಿಚಾರಿಸಿ, ತಾರೀಖು ತಿಳಿಸಿ ಬಂದರೆ ಗುಟ್ಟಿನ ಬಹುಪಾಲು ಅಲ್ಲೇ ಉಳಿಯುತ್ತದೆ. ಕಲಾಪಕ್ಕೆ ಫಲಕವಿಲ್ಲದ ಕೋಣೆ, ಒಬ್ಬೊಬ್ಬರಿಗೂ ಬೇರೆ ಬೇರೆ ವೇಳೆ ಎಂದು ಗೊತ್ತುಪಡಿಸಿದರೆ ಇನ್ನಷ್ಟು ಉಳಿಯುತ್ತದೆ. ಯಾವ ಕುಟುಂಬಕ್ಕಾದರೂ ಕಲಬುರಗಿಯೇ ಬೇಕೆನಿಸಿದರೆ ಆ ಆಯ್ಕೆಯನ್ನೂ ನಿಯಮದಲ್ಲೇ ಇಡಬಹುದು.

ಮೂರನೆಯದು ಎಲ್ಲಕ್ಕಿಂತ ಜೋರಾಗಿ ಕೇಳುವ ಆಕ್ಷೇಪ: ಮೊದಲೇ ಸಡಿಲವಾದ ಕಾನೂನನ್ನು ಇನ್ನಷ್ಟು ಸಲೀಸು ಮಾಡಿದರೆ ಹುಡುಗರಿಗೆ ಭಯವೇ ಇರುವುದಿಲ್ಲ, ನೊಂದವರ ಗತಿ ಏನು? ನೊಂದವರ ಪ್ರಶ್ನೆಯನ್ನು ಕೇಳುವವರ ಕಳಕಳಿ ನನ್ನದೂ ಹೌದು. ಆದರೆ ಹತ್ತಿರದ ಮಂಡಳಿ ನೊಂದವರಿಗೂ ಹತ್ತಿರದ್ದೇ. ತಾರೀಖಿಗೆ ಬರಲಾಗದೆ ಕೈಬಿಡುವವರಲ್ಲಿ ದೂರುದಾರರೂ ಇದ್ದಾರೆ. ಘೋರ ಅಪರಾಧದ ದಾರಿ ಬೇರೆಯೇ ಇದೆ, ಅದನ್ನು ಈ ಸಲಹೆ ಮುಟ್ಟುವುದಿಲ್ಲ. ಅಲ್ಲೂ ಹುಡುಗನ ಮಾನಸಿಕ ಪ್ರಬುದ್ಧತೆಯನ್ನು ಕಣ್ಣಂದಾಜಿನಲ್ಲಿ ನಿರ್ಧರಿಸುವಂತಿಲ್ಲ, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರ ಜುಲೈನಲ್ಲಿ ಹೇಳಿದೆ. ದೆಹಲಿಯ ಘಟನೆಯ ಬೆನ್ನಿಗೇ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಕೂಡ, ದೇಶವೇ ಕುದಿಯುತ್ತಿದ್ದಾಗ, ವಯಸ್ಸಿನ ಮಿತಿ ಇಳಿಸುವುದು ಬೇಡ ಎಂದಿತ್ತು. ಭಯದ ಮಾತಿಗೆ ಬಂದರೆ, ಹುಡುಗರನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುವ ದೊಡ್ಡವರಿಗೆ ಭಯ ಹುಟ್ಟಬೇಕು. ಮಗುವನ್ನು ಅಕ್ರಮ ಕೆಲಸಕ್ಕೆ ಬಳಸಿದವರಿಗೆ ಏಳು ವರ್ಷದ ತನಕ ಕಠಿಣ ಸೆರೆ, ಐದು ಲಕ್ಷ ರೂಪಾಯಿ ದಂಡ ಎಂದು 83ನೇ ಕಲಂ ಹೇಳಿದೆ. ಕದ್ದ ಕೇಬಲ್ಲಿನ ತಾಮ್ರವನ್ನು ತೂಕ ಹಾಕಿ ಕೊಳ್ಳುವವನು ಹದಿನಾರರ ಹುಡುಗನಲ್ಲ. ನಮೂನೆ 1ರಲ್ಲಿ ಆ ಕಾಲಂ ಪ್ರಾಮಾಣಿಕವಾಗಿ ತುಂಬಿದ ದಿನ ಠಾಣೆಗೆ ಸಿಗುವುದು ನಿಜವಾದ ಆರೋಪಿ.

ಗಡಿಯ ಸಮಸ್ಯೆಯೊಂದನ್ನು ಇಲ್ಲಿಯೇ ಹೇಳಬೇಕು. ಚಿಂಚೋಳಿ, ಸೇಡಂಗಳಾಚೆ ತೆಲಂಗಾಣ. ಇಲ್ಲಿನ ಹುಡುಗರು ದುಡಿಯಲು ಹೋಗುವ ಹೈದರಾಬಾದಿನಲ್ಲಿ ಕೇಸಿನಲ್ಲಿ ಸಿಕ್ಕಿಕೊಂಡರೆ ಅಲ್ಲಿನ ಮಂಡಳಿಯೇ ವಿಚಾರಿಸಬೇಕು. ಊರಿನ ಮಂಡಳಿಗೆ ವರ್ಗಾಯಿಸಲು 95ನೇ ಕಲಂ ಅವಕಾಶ ಕೊಟ್ಟಿದೆಯಾದರೂ, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗುವಿನ ವಿಷಯದಲ್ಲಿ ಅದು ವಿಚಾರಣೆ ಮುಗಿದು ಅಂತಿಮ ಆದೇಶವಾದ ಮೇಲೆ ಮಾತ್ರ. ಅಲ್ಲಿಯ ತನಕ ತೆಲುಗು ಬಾರದ ತಾಯಿ ಯಾರನ್ನು ಕೇಳಬೇಕು? ವಯಸ್ಸಿನ ದಾಖಲೆಯೂ ಆಗಲೇ ಬೇಕಾಗುತ್ತದೆ. 94ನೇ ಕಲಂ ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ ಎಂಬ ಕ್ರಮ ಹಾಕಿಕೊಟ್ಟಿದೆ. ಸಕಾಲಕ್ಕೆ ಆ ಕಾಗದ ಹೈದರಾಬಾದಿಗೆ ತಲುಪದಿದ್ದರೆ ಹದಿನೇಳರ ಹುಡುಗ ವಯಸ್ಕರ ಜೈಲಿಗೆ ಹೋಗಿಬಿಡಬಹುದು. ಸೇಡಂನಲ್ಲಿ ಒಂದು ಮಂಡಳಿ, ಅದರ ಜೊತೆಗೊಬ್ಬ ಪರಿವೀಕ್ಷಣಾಧಿಕಾರಿ, ಒಬ್ಬ ಕಾನೂನು ನೆರವಿನ ವಕೀಲರು ಇದ್ದರೆ ಗಡಿಯಾಚೆಗೆ ಶಾಲೆಯ ದಾಖಲೆ, ಮನೆಯ ವರದಿ ಕಳಿಸಲು ಹೇಳಿ ಕೇಳುವ ಒಂದು ಜಾಗವಾದರೂ ಇರುತ್ತದೆ.

ಮಂಡಳಿ ಹತ್ತಿರ ಬಂದರೆ ಊರೂ ಕೈಜೋಡಿಸಬಹುದು. ಮಕ್ಕಳ ಗ್ರಾಮಸಭೆ ನಡೆಸುವ ಪರಿಪಾಠ ನಮ್ಮ ಪಂಚಾಯಿತಿಗಳಲ್ಲಿದೆ. ಶಾಲೆ ಬಿಟ್ಟವರು ಯಾರು, ಗುಳೆ ಹೋದ ಮನೆಯ ಮಕ್ಕಳು ಯಾರ ಆಸರೆಯಲ್ಲಿದ್ದಾರೆ ಎಂಬ ಮಾತು ಅಲ್ಲಿ ದಾಖಲಾದರೆ ಪರಿವೀಕ್ಷಣಾಧಿಕಾರಿಯ ಅರ್ಧ ಕೆಲಸ ಮುಗಿದಂತೆ. ಹುಡುಗನಿಗೆ ಸಮುದಾಯ ಸೇವೆಯ ಆದೇಶವಾದರೂ ಅದನ್ನು ಮಾಡಿಸಲು ಊರಿನಲ್ಲೇ ಗ್ರಂಥಾಲಯವಿದೆ, ಶಾಲೆಯ ಅಂಗಳವಿದೆ, ಕೆರೆಯ ದಂಡೆಯಿದೆ. ಮೇಲ್ಮನವಿಯ ಅವಧಿ ಮುಗಿದ ಮೇಲೆ ಅವನ ಕಡತವನ್ನು ನಾಶಮಾಡಬೇಕು, ಆ ಪ್ರಕರಣ ಅವನ ಮುಂದಿನ ಓದಿಗೆ, ನೌಕರಿಗೆ ಅಡ್ಡಿಯಾಗಬಾರದು ಎಂದು 24ನೇ ಕಲಂ ಭರವಸೆ ಕೊಟ್ಟಿದೆ. ಪೊಲೀಸ್ ನೇಮಕಾತಿಗೆ, ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ಅರ್ಜಿ ಹಾಕುವ ಯುವಕರಿಗೂ ಅವರ ಪಾಲಕರಿಗೂ ಇದು ತಿಳಿದಿರಲಿ.

ಸೇಡಂ, ಚಿತ್ತಾಪುರ, ಚಿಂಚೋಳಿಯ ಶಾಸಕರು ಬರುವ ಅಧಿವೇಶನದಲ್ಲಿ ಎರಡು ವಿಷಯ ಕೇಳಲಿ: 4ನೇ ಕಲಮಿನಡಿ ಈ ಭಾಗಕ್ಕೆ ಎರಡನೇ ಮಂಡಳಿಯ ಅಧಿಸೂಚನೆ, 110ನೇ ಕಲಮಿನಡಿ ತಾಲ್ಲೂಕಿನಲ್ಲಿ ಕಲಾಪ ನಡೆಸಲು ದಾರಿ ಮಾಡುವ ನಿಯಮ. ಇವೆರಡಕ್ಕೂ ಸಂಸತ್ತಿನ ಒಪ್ಪಿಗೆ ಬೇಕಿಲ್ಲ, ದೆಹಲಿಯ ಅನುಮತಿಯೂ ಬೇಕಿಲ್ಲ.